ಹಟ್ ಬೇಗೆ ಮೂರು ಟಿಕೆಟ್

ಜನ್ನಾಪುರ, ಭದ್ರಾವತಿ
14-7-1999

ಕವನಾ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಸಮಾಚಾರ ಬರೆಯುವುದು ರೂಢಿ. ಹದಿನೆಂಟು ಕಿಲೋಮೀಟರ್ ದೂರದಲ್ಲಿದ್ದೂ ಯುಗಾದಿಯಿಂದ ಈ ಕಡೆ ತಲೆ ಹಾಕದ ಮಗಳಿಗೆ ಅದನ್ನು ಬರೆದರೆ ನೀನು ನಗುತ್ತೀಯ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಅಮ್ಮ ಬಿಡುತ್ತಿಲ್ಲ.

ಹಬ್ಬದ ದಿನ ಯಾವ ಮಾತು ಕೇಳಿ ನೀನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದು ಹೋದೆಯೋ, ಆ ಮಾತನ್ನು ಅವಳು ಈಗ ದಿನಕ್ಕೊಮ್ಮೆ ಆಡುತ್ತಾಳೆ. ನಾನು ಶಿಫ್ಟ್ ಮುಗಿಸಿ ಬಂದು ಕೈಕಾಲು ತೊಳೆಯುವುದಕ್ಕಿಲ್ಲ, "ರೀ, ಆನಂದನ್ನ ಮಣ್ಣು ಮಾಡಿರೋ ಜಾಗ ನೋಡ್ಬೇಕು. ಆ ದ್ವೀಪಕ್ಕೆ ಕರ್ಕೊಂಡ್ ಹೋಗಿ" ಅನ್ನುತ್ತಾಳೆ. ತಲೆ ಕೆಟ್ಟಿದೆಯೇ ಎಂದರೆ ಇಲ್ಲ. ಸಾರಿಗೆ ಉಪ್ಪು ಸರಿಯಾಗಿಯೇ ಬೀಳುತ್ತಿದೆ. ಪಕ್ಕದ ಮನೆ ಮಾಸ್ತಮ್ಮನ ಜತೆ ನಲ್ಲಿ ನೀರಿನ ಜಗಳವೂ ಹಿಂದಿನಂತೆಯೇ ನಡೆದಿದೆ. ಈ ಒಂದು ವಿಷಯದಲ್ಲಿ ಮಾತ್ರ ಹಠ. ಮೊನ್ನೆ ಮಾಸ್ತಮ್ಮನ ಎದುರಿಗೇ ಕೇಳಿದಳು. ಮಾಸ್ತಮ್ಮ ಕಣ್ಣೊರೆಸಿಕೊಂಡು, "ಭೂತಪ್ಪಣ್ಣ, ಒಂದ್ಸಲ ಹೋಗಿ ಬನ್ನಿ. ಹೆತ್ತ ಹೊಟ್ಟೆ ಅಲ್ವಾ" ಅಂದಳು. ಮೂವತ್ತೊಂದು ವರ್ಷ ಕುಲುಮೆಯ ಬಾಯಲ್ಲಿ ನಿಂತವನು ನಾನು, ಆ ಇಬ್ಬರು ಹೆಂಗಸರ ಎದುರು ನಿಲ್ಲಲಾಗದೆ ಹಿತ್ತಲಿಗೆ ಹೋದೆ.

ಈಗ ಒಂದು ತೀರ್ಮಾನ ಮಾಡಿದ್ದೇನೆ. ಕರೆದುಕೊಂಡು ಹೋಗುತ್ತೇನೆ, ಈ ಸಲ ನಿಜವಾಗಿ. ಏಜೆಂಟರ ಸಹವಾಸ ಬೇಡ, ಕಾರ್ಖಾನೆಯ ಕಾಗದ ಪತ್ರ ಬೇಡ. ನಮ್ಮ ಪಾಡಿಗೆ ನಾವು ಹೋಗಿ ಬರುವುದು. ಆದರೆ ಅಂಡಮಾನಿನ ಆ ಹಟ್ ಬೇ ಅನ್ನುವ ಊರಿಗೆ ದಾರಿ ಯಾವುದು? ಹದಿಮೂರು ವರ್ಷದಿಂದ ಇಡೀ ಜನ್ನಾಪುರಕ್ಕೆ ಆ ದಾರಿಯನ್ನು ವರ್ಣಿಸಿದ್ದೇನೆ, ನನಗೇ ಗೊತ್ತಿಲ್ಲ. ನೀನು ಓದಿದವಳು, ಲ್ಯಾಬಿಗೆ ನಾಲ್ಕು ಜನ ಬಂದು ಹೋಗುತ್ತಾರೆ. ವಿಚಾರಿಸು.

ಮನೆಗೆ ಬರೆಯಬೇಡ. ಕಾರ್ಖಾನೆ ಗೇಟಿನ ಹತ್ತಿರ ಚೌಡಪ್ಪನ ಸೈಕಲ್ ಶಾಪಿನ ವಿಳಾಸಕ್ಕೆ ಹಾಕು. ಫೋನೂ ಬೇಡ. ಫೋನ್ ಇರುವುದು ಮಾಸ್ತಮ್ಮನ ಮನೆಯಲ್ಲಿ, ಅವಳ ಕಿವಿ ಎಂಥದ್ದು ನಿನಗೆ ಗೊತ್ತು.

ಇಂತಿ ನಿನ್ನ ತಂದೆ
ಭೂತಪ್ಪ


ವಿನೋಬನಗರ, ಶಿವಮೊಗ್ಗ
22-7-1999

ಅಪ್ಪ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಹಟ್ ಬೇಗೆ ದಾರಿ ಹುಡುಕುವುದಕ್ಕೆ ಮುಂಚೆ ಒಂದು ಮಾತು ಕಾಗದದ ಮೇಲೆ ಇರಲಿ. ನಮ್ಮ ಮನೆಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ನನ್ನ ತಮ್ಮ ಆ ದ್ವೀಪದಲ್ಲಿಲ್ಲ. ಅವನು ಸಮುದ್ರವನ್ನೇ ನೋಡಲಿಲ್ಲ. ನಾವ್ಯಾರೂ ನೋಡಿಲ್ಲ.

ನಾನು ಈಗ ಕೂತು ಬರೆಯುತ್ತಿರುವುದು ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಯಲ್ಲಿ. ನಮ್ಮ ಅಂಡಮಾನ್ ಇದೇ ಅಲ್ಲವೇ? ಎಂಬತ್ತಾರರ ದಸರಾ ರಜೆ. ಕಾರ್ಖಾನೆ ನಾಲ್ಕು ವರ್ಷಕ್ಕೊಮ್ಮೆ ಪ್ರವಾಸದ ಖರ್ಚಿನ ದುಡ್ಡೆಂದು ಎಲ್‌ಟಿಸಿ ಕೊಡುತ್ತಿತ್ತು. ಬೀದಿಯಲ್ಲಿ ಅರ್ಧ ಜನ ಏಜೆಂಟರ ಕೈಯಲ್ಲಿ ಟಿಕೆಟಿನ ಸುಳ್ಳು ಕಾಗದ ಮಾಡಿಸಿ ಆ ದುಡ್ಡು ಪಡೆದುಕೊಂಡು, ಎಲ್ಲಿಗೂ ಹೋಗದೆ ನೆಂಟರ ಮನೆಯಲ್ಲಿ ಅಡಗಿ ಕೂತು, ರಜೆ ಮುಗಿದ ಮೇಲೆ "ಕಾಶ್ಮೀರ ಎಂಥಾ ಚಳಿ ಮಾರಾಯ" ಎನ್ನುತ್ತ ವಾಪಸ್ಸು ಬರುತ್ತಿದ್ದರು. ನೀವು ಅಂಡಮಾನ್ ಅಂದಿರಿ. ನಾವು ನಾಲ್ಕು ಜನ ಹದಿನಾಲ್ಕು ದಿನ ಈ ಕೋಣೆಯಲ್ಲಿದ್ದೆವು. ಭದ್ರಾವತಿಯವರು ಯಾರಾದರೂ ನೋಡಿಯಾರು ಎಂದು ನಮ್ಮನ್ನು ಅಂಗಳಕ್ಕೂ ಬಿಡುತ್ತಿರಲಿಲ್ಲ. ಆ ವರ್ಷವೇ ಇಬ್ಬರು ಸಿಕ್ಕಿಬಿದ್ದು ಸಸ್ಪೆಂಡ್ ಆಗಿದ್ದರಂತೆ, ನಿಮಗೆ ಜೀವ ಕೈಯಲ್ಲಿತ್ತು.

ಆರನೇ ದಿನ ಆನಂದನಿಗೆ ಜ್ವರ ಬಂತು. ಚಿಕ್ಕಪ್ಪ ಅಂಗಡಿಯಿಂದ ಮಾತ್ರೆ ತಂದರು. ಒಂಬತ್ತನೇ ದಿನ ನರ್ಸಿಂಗ್ ಹೋಮಿಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನೀವೂ ಚಿಕ್ಕಪ್ಪನೂ ಅವನನ್ನು ಮಲವಗೊಪ್ಪದಲ್ಲಿ ಚಿಕ್ಕಪ್ಪನ ಗೆಳೆಯರ ಗದ್ದೆಯ ಬದುವಿನಲ್ಲಿ ಮಣ್ಣು ಮಾಡಿ ಬಂದಿರಿ. ಆಮೇಲೆ ಏನಾಯಿತು ಹೇಳಿ. ರಜೆ ಇನ್ನೂ ಐದು ದಿನ ಇತ್ತು. ಆ ಐದು ದಿನ ನಾವು ಮೂವರು ಇದೇ ಕೋಣೆಯಲ್ಲಿ ಕೂತಿದ್ದೆವು. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ಊರಿಗೆ ಹೋದ ಮೇಲೆ ಮಗು ಎಲ್ಲಿ ಎಂದು ಕೇಳಿದವರಿಗೆ, ಹಡಗಿನಲ್ಲಿ ಜ್ವರ ಬಂತು, ಅಲ್ಲೇ ಮಣ್ಣು ಮಾಡಿದೆವು ಎಂದಿರಿ. ಪೋರ್ಟ್ ಬ್ಲೇರ್ ಅಂದರೆ ನಿಜವಾಗಿ ಹೋಗಿ ಬಂದವರು ಪ್ರಶ್ನೆ ಕೇಳುತ್ತಾರೆಂದು ಭೂಪಟದಲ್ಲಿ ತೊಗರಿಕಾಳಿನಷ್ಟು ಕಂಡ ಊರಿನ ಹೆಸರು ಹಿಡಿದಿರಿ. ಮಿಕ್ಕ ಕೆಲಸ ನನ್ನದು. ಒಂಬತ್ತು ವರ್ಷದವಳು ಸುಳ್ಳು ಹೇಳುವುದಿಲ್ಲ ಎಂದು ಎಲ್ಲರೂ ನನ್ನನ್ನೇ ಕೇಳುತ್ತಿದ್ದರು. ಶಾಲೆಯಲ್ಲಿ ಗೋವಿಂದಯ್ಯ ಮೇಷ್ಟ್ರು ಕೇಳಿದರು. ಗೋಡೆಯ ಕ್ಯಾಲೆಂಡರಿನ ಚಿತ್ರದಲ್ಲಿ ಇದ್ದದ್ದನ್ನೆಲ್ಲ ಹೇಳಿದೆ: ಬಿಳಿ ಮರಳು, ತೆಂಗಿನ ಮರ, ಮರದ ಬುಡದಲ್ಲಿ ತಮ್ಮ. ಕೊನೆಗೆ ಅಮ್ಮನೇ ಮಲಗುವಾಗ, "ಆ ಜಾಗ ಹೆಂಗಿತ್ತು ಹೇಳು ಮಗಾ" ಅನ್ನತೊಡಗಿದಳು. ಅವಳೂ ಈ ಕೋಣೆಯಲ್ಲೇ ಇದ್ದವಳು! ಆದರೂ ಕೇಳುತ್ತಿದ್ದಳು, ನಾನೂ ಹೇಳುತ್ತಿದ್ದೆ. ಈಗ ಅವಳು ಅದನ್ನು ನಂಬಿಬಿಟ್ಟಿದ್ದರೆ ಆ ಪಾಪದಲ್ಲಿ ಮುಕ್ಕಾಲು ಪಾಲು ನನಗಿದೆ.

ಅಪ್ಪ, ಹಡಗು ಬೇಡ. ಒಂದು ಭಾನುವಾರ ಅಮ್ಮನನ್ನು ಶಿವಮೊಗ್ಗದ ಬಸ್ಸು ಹತ್ತಿಸಿ ಮಲವಗೊಪ್ಪದಲ್ಲಿ ಇಳಿಸಿ. ನಾನೂ ಅಲ್ಲಿಗೆ ಬರುತ್ತೇನೆ. ನಿಜ ಹೇಳಿ ಮುಗಿಸೋಣ.

ನಿಮ್ಮ ಮಗಳು
ಕವನ


ಜನ್ನಾಪುರ
5-8-1999

ಕವನಾ,

ನಿನ್ನ ಕಾಗದವನ್ನು ಸೈಕಲ್ ಶಾಪಿನ ಬೆಂಚಿನ ಮೇಲೆ ಕೂತು ಓದಿದೆ. ನನ್ನ ಮುಖ ನೋಡಿ ಚೌಡಪ್ಪ, "ಏನಣ್ಣ, ಮಗಳ ಸಂಬಂಧ ಕುದುರ್ತಾ?" ಅಂದ. ಹೂಂ ಅಂದೆ. ನಮ್ಮ ಮನೆಯಲ್ಲಿ ಯಾವುದಕ್ಕೆ ಬರ ಬಂದರೂ ಸುಳ್ಳಿಗೆ ಬರವಿಲ್ಲ.

ನೀನು ಬರೆದದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ನಿಜ ಹೇಳಿ ಮುಗಿಸೋಣ ಎಂದೆಯಲ್ಲ, ಅದು ಬರೆಯುವಷ್ಟು ಸುಲಭವಿಲ್ಲ. ಪ್ರಯತ್ನ ಮಾಡಿದೆ. ಕಳೆದ ಭಾನುವಾರ ಅವಳು ಅಕ್ಕಿ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು, "ಕರಿಬಸೀ, ನಾವು ಅಲ್ಲಿಗೆ ಹೋಗೇ ಇರ್ಲಿಲ್ಲ ಅಲ್ವೇನೇ?" ಅಂದೆ. ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದಳು. "ಹೋಗಿರ್ಲಿಲ್ಲ ಅಂದ್ರೆ ನನ್ನ ಮಗ ಎಲ್ಲಿದಾನೆ? ತೋರ್ಸಿ" ಅಂದಳು. ಮಲವಗೊಪ್ಪ ಎಂಬ ಐದು ಅಕ್ಷರ ನನ್ನ ಬಾಯಿಂದ ಬರಲಿಲ್ಲ. ಅವಳು ಮತ್ತೆ ಅಕ್ಕಿ ಆರಿಸತೊಡಗಿದಳು.

ನಿಜ ಹೇಳಿದೆ ಎಂದುಕೋ. ಆಮೇಲೆ ಅವಳು ಸುಮ್ಮನಿರುತ್ತಾಳೆಯೇ? ಇವತ್ತು ನನ್ನನ್ನು ಕೇಳುತ್ತಾಳೆ, ನಾಳೆ ಮಾಸ್ತಮ್ಮನಿಗೆ ಹೇಳುತ್ತಾಳೆ, ನಾಡಿದ್ದು ಬೀದಿಗೆಲ್ಲ ಗೊತ್ತಾಗುತ್ತದೆ. ಬರುವ ಮೇ ತಿಂಗಳಿಗೆ ನನ್ನ ರಿಟೈರ್‌ಮೆಂಟ್. ಆನಂದನ ಹೆಸರಿನಲ್ಲಿ ಅತ್ತವರ ಮುಖವನ್ನು ಹೇಗೆ ನೋಡಲಿ? ನಾವು ಮಲಗುವ ಈ ಮನೆಯ ತಾರಸಿ ಆ ಪ್ರವಾಸದ ದುಡ್ಡಿನದ್ದು ಎಂದು ಹೇಳಲೇ? ಹದಿಮೂರು ವರ್ಷದಿಂದ ನಾನು ಅಂಗಾತ ಮಲಗಿಲ್ಲ ಮಗಳೇ, ಅದನ್ನು ನೋಡಬೇಕಾಗುತ್ತದೆಂದು.

ಅವಳಿಗೆ ಒಂದು ದಿಬ್ಬ ತೋರಿಸುತ್ತೇನೆ. ಅವನಿಗೆ ಮೂರನೇ ದಿನದ ಹಾಲುತುಪ್ಪ ಬಿಡಲಿಲ್ಲವೆಂಬುದು ಅವಳ ದೊಡ್ಡ ಕೊರಗು. ಅಲ್ಲಿ ಬಿಡಲಿ. ಸುಳ್ಳಿನ ದಿಬ್ಬವಾದರೂ ಅವಳ ಮನಸ್ಸು ತಣ್ಣಗಾದರೆ ದೇವರು ನನ್ನನ್ನು ಏನು ಬೇಕಾದರೂ ಮಾಡಲಿ. ವಿಚಾರಿಸು, ನಿನ್ನ ಕಾಲಿಗೆ ಬೀಳುತ್ತೇನೆ ಎಂದು ಬರೆಸಬೇಡ.

ನಿನ್ನ ತಂದೆ
ಭೂತಪ್ಪ


ವಿನೋಬನಗರ
10-9-1999

ಅಪ್ಪ,

ಸಿಟ್ಟು ಸಿಟ್ಟಿನ ಪಾಡಿಗಿರಲಿ. ವಿಚಾರಿಸಿದ್ದೇನೆ.

ಮದ್ರಾಸಿನ ಹಡಗು ಕಚೇರಿಗೆ ಬರೆದಿದ್ದಕ್ಕೆ ಒಂದು ಅಚ್ಚಾದ ಹಾಳೆ ಬಂತು. ಅರ್ಧಕ್ಕರ್ಧ ಓದಲಾಗುವುದಿಲ್ಲ. ಅದಕ್ಕಿಂತ ಹೆಚ್ಚು ತಿಳಿದದ್ದು ಓಬಯ್ಯ ಎಂಬುವವರಿಂದ. ಮಿಲಿಟರಿಯಲ್ಲಿದ್ದವರು, ತಿಂಗಳಿಗೊಮ್ಮೆ ಶುಗರ್ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಬರುತ್ತಾರೆ. ಪೋರ್ಟ್ ಬ್ಲೇರಿನಲ್ಲಿ ಒಂಬತ್ತು ವರ್ಷ ಇದ್ದರಂತೆ, ಹಟ್ ಬೇಗೆ ಎರಡು ಸಲ ಹೋಗಿದ್ದರಂತೆ. ನಾನು ಆ ಹೆಸರು ಎತ್ತಿದ ಕೂಡಲೇ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದವರು ಕೈ ಎಳೆದುಕೊಂಡರು. "ಹಟ್ ಬೇಗಾ? ಏನ್ ಮಾರಾಯ್ತಿ, ಅಲ್ಲಿಗೆ ಹೋಗೋರು ಎರಡೇ ಥರ. ಒಂದು ಅಲ್ಲೇ ಹುಟ್ಟಿದೋರು, ಇನ್ನೊಂದು ಸರ್ಕಾರದೋರು ಎತ್ತಿ ಹಾಕಿದೋರು. ನೋಡೋಕೆ ಅಂತ ಹೋದೋರ್ನ ನಾ ಕಂಡಿಲ್ಲ" ಅಂದರು.

ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ಮದ್ರಾಸಿನಿಂದ ತಿಂಗಳಿಗೆ ಮೂರೋ ನಾಲ್ಕೋ ಹಡಗು. ದಿನಾಂಕ ಎಂದು ಹಾಕಿರುತ್ತಾರೆ, ಅದನ್ನು ನಂಬುವಂತಿಲ್ಲ. ಎರಡು ದಿನ ಹೆಚ್ಚು ಉಳಿಯುವ ಏರ್ಪಾಡು ಇಟ್ಟುಕೊಳ್ಳಬೇಕು. ಅಗ್ಗದ ಟಿಕೆಟಿಗೆ ಬಂಕ್ ಎನ್ನುತ್ತಾರೆ. ಹಡಗಿನ ಹೊಟ್ಟೆಯಲ್ಲಿ ಸಾಲು ಸಾಲು ಮಂಚ, ಕಿಟಕಿ ಇಲ್ಲ. ಮೂರು ದಿನ. ವಾಂತಿ ಖಂಡಿತ. ಮಂಡಕ್ಕಿ, ನಿಂಬೆಹಣ್ಣಿನ ಉಪ್ಪಿನಕಾಯಿ ಕಟ್ಟಿಕೊಳ್ಳಬೇಕಂತೆ. ಪೋರ್ಟ್ ಬ್ಲೇರಿನಲ್ಲಿ ಇಳಿದು ಮತ್ತೆ ಸಣ್ಣ ಹಡಗಿಗೆ ಸರತಿ ನಿಲ್ಲಬೇಕು. ಹಗಲು ಪೂರ್ತಿ ಪ್ರಯಾಣ. ಸಮುದ್ರ ಕೆಟ್ಟಿದ್ದರೆ ಹಡಗು ಹೊರಡುವುದೇ ಇಲ್ಲ, ಹೋದ ಮೇಲೆ ಕೆಟ್ಟರೆ ವಾಪಸ್ಸು ಬರಲು ವಾರ ಕಾಯಬೇಕು. ಊರೆಂದರೆ ಒಂದು ಕಟ್ಟೆ, ಒಂದು ಸಾಲು ಅಂಗಡಿ. ಹೆಚ್ಚಿನವರು ಬಂಗಾಳಿಗಳು. ಉಳಿಯಲು ಸರ್ಕಾರಿ ಬಂಗಲೆಯಲ್ಲಿ ಎರಡು ಕೋಣೆ, ಮೊದಲೇ ಬರೆಯಬೇಕು. ಜನವರಿ, ಫೆಬ್ರವರಿ ಬಿಟ್ಟರೆ ಬೇರೆ ಕಾಲ ಬೇಡ, ಮಳೆ.

ಕೊನೆಗೆ ನಾನು, "ಅಲ್ಲಿ ಮರಳು ಬೆಳ್ಳಗಿದೆಯಾ?" ಎಂದು ಕೇಳಿದೆ. ಅವರಿಗೆ ಆ ಪ್ರಶ್ನೆ ವಿಚಿತ್ರವಾಗಿ ಕಂಡಿರಬೇಕು. "ಇಳಿದ ಕಡೆ ಬರೀ ಕೆಸರು ಕಣಮ್ಮ" ಅಂದರು. ಹಾಗಾದರೆ ನಾನು ಅಮ್ಮನಿಗೆ ಹೇಳಿದ ದ್ವೀಪ ಅಲ್ಲಿಯೂ ಇಲ್ಲ.

ಬೇಡ ಅಪ್ಪ. ಇನ್ನೊಮ್ಮೆ ಹೇಳುತ್ತಿದ್ದೇನೆ, ಬೇಡ.

ಕವನ


ಜನ್ನಾಪುರ
12-10-1999

ಕವನಾ,

ನೀನು ಬೇಡ ಅಂದಷ್ಟೂ ಇಲ್ಲಿ ತಯಾರಿ ಜೋರಾಗುತ್ತಿದೆ. ಜನವರಿ ಅಂತ ಅವಳಿಗೆ ಹೇಳಿದೆ, ತಪ್ಪಾಯಿತು. ಅವಳು ಮಾಸ್ತಮ್ಮನಿಗೆ ಹೇಳಿದಳು. ಈಗ ಇಡೀ ಬೀದಿ ನಮ್ಮ ಜತೆ ಹಡಗು ಹತ್ತಿದೆ.

ಮಾಸ್ತಮ್ಮ ತಮ್ಮ ಮನೆದೇವರ ಭಂಡಾರ ಕಟ್ಟಿಕೊಟ್ಟಿದ್ದಾಳೆ, ಅವನ ತಲೆಯ ಕಡೆ ಹಾಕಬೇಕಂತೆ. ಗೋವಿಂದಯ್ಯ ಮೇಷ್ಟ್ರು ಕೋಲೂರಿಕೊಂಡು ಬಂದು, ಆನಂದ ಒಂದನೇ ಕ್ಲಾಸಿನಲ್ಲಿ ಬರೆದ ಸ್ಲೇಟು ಎಂದು ಒಂದು ಸ್ಲೇಟು ಕೊಟ್ಟು ಹೋದರು. ಅವನದ್ದೋ ಯಾರದ್ದೋ. ಆ ಕಣ್ಣು ಕಾಣದ ಮನುಷ್ಯ ಎಂಟು ಮನೆ ದೂರದಿಂದ ನಡೆದು ಬಂದಿದ್ದರು, ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ಅವನ ಜತೆ ಗೋಲಿ ಆಡುತ್ತಿದ್ದವರು ಈಗ ಐಟಿಐ ಹುಡುಗರು, ಮೀಸೆ ಬಂದಿದೆ. ನಾಲ್ವರು ಬಂದು ಬಾಗಿಲಲ್ಲಿ ನಿಂತು, "ಅಂಕಲ್, ನಮ್ಮ ಕಡೆಯಿಂದಲೂ ಒಂದು ಹೂವು ಇಡಿ" ಅಂದರು. ನಿಮ್ಮಮ್ಮ ಅವರ ಮುಖವನ್ನೇ ನೋಡುತ್ತ ನಿಂತಿದ್ದಳು. ಅವನಿಗೂ ಈಗ ಹತ್ತೊಂಬತ್ತು ಆಗುತ್ತಿತ್ತಲ್ಲ.

ಅವಳು ಬೆಣ್ಣೆ ಕೂಡಿಡುತ್ತಿದ್ದಾಳೆ, ಹಾಲುತುಪ್ಪಕ್ಕೆ ಅಂಗಡಿಯ ತುಪ್ಪ ಆಗದಂತೆ. ಇದನ್ನೆಲ್ಲ ಇನ್ನು ನಿಲ್ಲಿಸುವುದು ನನ್ನ ಕೈಲಾಗದು. ದೀಪಾವಳಿಗಾದರೂ ಬಾ.

ನಿನ್ನ ತಂದೆ
ಭೂತಪ್ಪ


ವಿನೋಬನಗರ
24-11-1999

ಅಪ್ಪ,

ಹಬ್ಬಕ್ಕೆ ಬರಲಿಲ್ಲ. ಬರಬೇಕೆಂದು ಹೊರಟಿದ್ದೆ. ಭದ್ರಾವತಿ ಬಸ್ಸು ಹತ್ತಿ ಮಲವಗೊಪ್ಪದಲ್ಲಿ ಇಳಿದುಬಿಟ್ಟೆ. ನಿಮ್ಮಿಂದಾಗದಿದ್ದರೆ ನಾನೇ ಮೊದಲು ಆ ಜಾಗ ನೋಡಿ, ಆಮೇಲೆ ಅಮ್ಮನನ್ನು ಕೈಹಿಡಿದು ಕರೆತರುವುದೆಂದು ಲೆಕ್ಕ ಹಾಕಿದ್ದೆ.

ಆ ಗದ್ದೆ ಇಲ್ಲ ಅಪ್ಪ.

ಮೊದಲು ದಾರಿ ತಪ್ಪಿದೆನೇನೋ ಅಂದುಕೊಂಡೆ. ಚಿಕ್ಕಪ್ಪ ಬದುಕಿದ್ದಾಗ ಒಮ್ಮೆ ಬಸ್ಸಿನಿಂದ ಬೆರಳು ಮಾಡಿ ತೋರಿಸಿದ್ದರು, ಅಷ್ಟೇ ನನ್ನ ಗುರುತು. ಅಲ್ಲೀಗ ಲೇಔಟ್ ಆಗಿದೆ. ಕಲ್ಲು ನೆಟ್ಟು ನಂಬರ್ ಬರೆದಿದ್ದಾರೆ, ಮೂರು ಮನೆ ಎದ್ದಿವೆ. ಕೇಳಿಕೊಂಡು ಗದ್ದೆಯ ಯಜಮಾನರಾಗಿದ್ದ ಏಕಾಂತಪ್ಪನವರ ಮನೆಗೆ ಹೋದೆ. ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಒಳ್ಳೆಯವರು, ಕುಡಿಯಲು ಮಜ್ಜಿಗೆ ಕೊಡಿಸಿದರು. ಬದುವಿನಲ್ಲಿ ಒಂದು ಮಗುವನ್ನು ಮಣ್ಣು ಮಾಡಿದ್ದರಲ್ಲ ಎಂದು ಕೇಳಿದೆ. ಪೇಪರ್ ಮಡಿಸಿಟ್ಟು, "ಹೌದಮ್ಮ, ನಮ್ಮ ಶಿವಕುಮಾರ್ ಕೇಳ್ದಾ ಅಂತ ಜಾಗ ಕೊಟ್ಟಿದ್ದೆ. ಯಾರೋ ಕೂಲಿಯವ್ರ ಮಗು ಅಂದಿದ್ದ. ಹಿಂದೆ ಮುಂದೆ ಯಾರೂ ಇಲ್ಲ ಅಂತ" ಅಂದರು. ಚಿಕ್ಕಪ್ಪ ಹಾಗೆ ಹೇಳಿದ್ದರಂತೆ.

ಬದು ಏನಾಯಿತೆಂದು ಕೇಳಿದೆ. ಬುಲ್ಡೋಜರ್ ಬಂದು ಸಮ ಮಾಡಿತು, ಮಣ್ಣನ್ನು ಲಾರಿಯಲ್ಲಿ ತುಂಬಿಕೊಂಡು ಹೋದರು ಅಂದರು. ಎಲ್ಲಿಗೆ ಎಂಬುದು ಅವರಿಗೆ ಗೊತ್ತಿಲ್ಲ. "ಯಾಕಮ್ಮ, ನಿಮಗೇನಾಗ್ಬೇಕು ಆ ಮಗು?" ಎಂದು ಕೇಳಿದರು. ಅಪ್ಪ, ನಾನು ಏನೂ ಆಗಬೇಕಿಲ್ಲ ಅಂದೆ. ಅಷ್ಟು ಸಲೀಸಾಗಿ ಬಂತು ಆ ಮಾತು. ನಿಮ್ಮನ್ನು ಇಷ್ಟು ದಿನ ಬೈದದ್ದಕ್ಕೆ ನನಗೆ ತಕ್ಕ ಶಾಸ್ತಿಯಾಯಿತು.

ಅಮ್ಮನಿಗೆ ತೋರಿಸಲು ನನ್ನ ಹತ್ತಿರ ಇನ್ನೇನೂ ಉಳಿದಿಲ್ಲ.

ಕವನ


ಜನ್ನಾಪುರ
6-12-1999

ಕವನಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಎರಡು ದಿನ ಡ್ಯೂಟಿಗೆ ಹೋಗಲಿಲ್ಲ, ಸೊಂಟ ಹಿಡಿದಿದೆ ಅಂದೆ. ಆ ಬದು ಅಲ್ಲಿರುತ್ತದೆ, ಯಾವತ್ತಾದರೂ ಒಂದು ದಿನ ಹೋಗುತ್ತೇನೆ ಎಂದುಕೊಂಡೇ ಹದಿಮೂರು ವರ್ಷ ಕಳೆದಿದ್ದೆ. ಆ ಯಾವತ್ತೋ ಒಂದು ದಿನವನ್ನೂ ಲಾರಿಯಲ್ಲಿ ತುಂಬಿಕೊಂಡು ಹೋದರು.

ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಒಂಬತ್ತನೇ ದಿನ ಬೆಳಿಗ್ಗೆ ಎಂಟಕ್ಕೇ ಆನಂದ ಕಣ್ಣು ಮೇಲೆ ಮಾಡಿದ್ದ. ನಿನ್ನನ್ನು ಚಿಕ್ಕಮ್ಮ ಅಡುಗೆಮನೆಯಲ್ಲಿ ಕೂರಿಸಿಕೊಂಡಿದ್ದಳು. ಶಿವಕುಮಾರ ಆಟೋ ತರುತ್ತೇನೆಂದು ಎದ್ದ. ಎದುರು ಮನೆಯಲ್ಲಿ ನಾಮಕರಣವಿತ್ತು. ಶಾಮಿಯಾನ ಹಾಕಿದ್ದರು. ಮುಂದಿನ ಕಿಟಕಿಯ ಸಂದಿನಿಂದ ನೋಡಿದರೆ ಕಾರ್ಖಾನೆಯ ನಮ್ಮ ವಿಭಾಗದ ಫೋರ್‌ಮನ್ ಹೊರಗೆ ಕುರ್ಚಿ ಹಾಕಿಕೊಂಡು ಕೂತಿದ್ದಾನೆ. ಆ ಮನೆಯ ನೆಂಟನಂತೆ. ಆಟೋ ಬಾಗಿಲಿಗೆ ಬಂದರೆ ಅವನ ಕಣ್ಣಿಗೆ ಬೀಳದೆ ಹತ್ತುವಂತಿಲ್ಲ. ತಡಿ ಮಾರಾಯ, ಅವರು ಊಟ ಮುಗಿಸಿ ಹೊರಡಲಿ ಅಂದೆ. ಅವರು ಹೊರಟಾಗ ನಾಲ್ಕೂವರೆ. ಡಾಕ್ಟರು ನನ್ನ ಮುಖ ನೋಡಿ, "ಬೆಳಿಗ್ಗೆಯೇ ತರ್ಬಾರದಿತ್ತೇನ್ರೀ" ಅಂದರು. ಅಷ್ಟೇ ಅಂದದ್ದು.

ಅದಕ್ಕೇ ಅವಳು ನಿಜ ನೆನಪು ಮಾಡಿಕೊಳ್ಳುವುದು ನನಗೆ ಬೇಡವಾಗಿದೆ. ಬೀದಿಯ ಜನಕ್ಕೆ ಹೆದರುತ್ತೇನೆ ಅಂತ ಬರೆದಿದ್ದೆನಲ್ಲ, ಅರ್ಧ ಸುಳ್ಳು. ನಾನು ಹೆದರುವುದು ಅವಳಿಗೆ. ಆ ಎಂಟು ಗಂಟೆ ಅವಳಿಗೆ ನೆನಪಾದರೆ ನಾನು ಅವಳ ಕೈಯ ಅನ್ನ ಹೇಗೆ ತಿನ್ನಲಿ?

ಕಾರ್ಖಾನೆಯ ತಮಿಳು ಗೆಳೆಯನ ತಮ್ಮ ಮದ್ರಾಸಿನಲ್ಲಿದ್ದಾನೆ, ಅವನ ಕೈಯಲ್ಲಿ ಹಡಗಿನ ಟಿಕೆಟ್ ತೆಗೆಸಿದ್ದೇನೆ. ಜನವರಿ ಹತ್ತೊಂಬತ್ತು. ಮೂರು ಟಿಕೆಟ್. ಇನ್ನು ಹೋಗಲು ಇರುವುದು ಅದೊಂದೇ ಜಾಗ. ನೀನು ಬಂದು ಒಂದು ಕಡೆ ಬೆರಳು ಮಾಡಿ ತೋರಿಸಿದರೆ ಸಾಕು. ನಾನು ತೋರಿಸಿದರೆ ಅವಳು ನಂಬಲಿಕ್ಕಿಲ್ಲ.

ಅಪ್ಪ


ವಿನೋಬನಗರ
14-12-1999

ಅಪ್ಪ,

ಆ ಬೆಳಗಿನ ವಿಷಯ ಬರೆದಿರಿ. ನಿಮ್ಮನ್ನು ಕ್ಷಮಿಸುತ್ತೇನೆ ಎನ್ನಲು ನಾನು ಯಾರು? ಕ್ಷಮಿಸುವುದಿಲ್ಲ ಎನ್ನಲೂ ಆಗುತ್ತಿಲ್ಲ.

ಆದರೆ ನಾನು ಬರುವುದಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಹೇಳಿದ್ದು ಸಾಕು. ಯಾವುದೋ ಊರಿನ ಯಾವುದೋ ಮಣ್ಣಿಗೆ ಬೆರಳು ಮಾಡಿ ಇದೇ ನಿನ್ನ ಮಗ ಎಂದು ಅವಳ ಕಣ್ಣು ನೋಡುತ್ತ ಹೇಳಲು ನನ್ನಿಂದಾಗದು. ನನ್ನ ಟಿಕೆಟ್ ವಾಪಸ್ಸು ಮಾಡಿ. ಇನ್ನು ಈ ವಿಷಯಕ್ಕೆ ನನಗೆ ಬರೆಯಬೇಡಿ.

ಕವನ


ಜನ್ನಾಪುರ
3-1-2000

ಮಗಳು ಕವನಳಿಗೆ ಅಮ್ಮ ಬರೆಯುವುದು,

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ನಾಲ್ಕನೇ ಕ್ಲಾಸಿನ ಬರಹ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಿಮ್ಮಪ್ಪ ಡ್ಯೂಟಿಗೆ ಹೋದ ಮೇಲೆ ದಿನಕ್ಕಿಷ್ಟು ಅಂತ ಐದು ದಿನದಿಂದ ಬರೆಯುತ್ತಿದ್ದೇನೆ.

ನಿನ್ನ ಕಾಗದ ಎಲ್ಲಾ ಓದಿದ್ದೇನೆ. ಅವರ ಅಂಗಿ ಒಗೆಯುವವಳು ನಾನೇ ಅಲ್ಲವಾ. ಅವರು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟಿರುತ್ತಾರೆ. ನಾನು ಓದಿ ಅದೇ ನಾಲ್ಕು ಮಡಿಕೆ ಮಾಡಿ ಇಡುತ್ತೇನೆ. ಗಂಡಸರು ಜೇಬು ಅಂದರೆ ತಿಜೋರಿ ಅಂದುಕೊಂಡಿರುತ್ತಾರೆ.

ನಾನು ಏನನ್ನೂ ಮರೆತಿಲ್ಲ ಮಗಳೇ. ನಿನ್ನ ಹತ್ತಿರ ದ್ವೀಪದ ಕಥೆ ಹೇಳಿಸಿಕೊಂಡದ್ದು ನಂಬಿ ಅಲ್ಲ. ಅವನ ಹೆಸರು ಎತ್ತಲು ಆ ಮನೆಯಲ್ಲಿ ನನಗೆ ಬೇರೆ ನೆವ ಇರಲಿಲ್ಲ. ನಿಮ್ಮಪ್ಪ ಎದ್ದು ಹೋಗುತ್ತಿದ್ದರು. ನೀನೊಬ್ಬಳೇ ಅವನ ಮಾತು ಆಡುತ್ತಿದ್ದೆ. ಅದನ್ನು ಪಾಪ ಅಂತ ಬರೆದಿದ್ದೀಯ. ಆ ಪಾಪ ಇಲ್ಲದಿದ್ದರೆ ನಾನು ಆವಾಗಲೇ ಬಾವಿ ನೋಡಿಕೊಳ್ಳುತ್ತಿದ್ದೆ.

ಮಲವಗೊಪ್ಪದ ಗದ್ದೆ ಹೋದದ್ದು ನಿಮ್ಮಿಬ್ಬರಿಗಿಂತ ಮುಂಚೆ ನನಗೆ ಗೊತ್ತು. ಶಿವರಾತ್ರಿಯ ಮಾರನೆ ದಿನ ನಿನ್ನ ಚಿಕ್ಕಮ್ಮನನ್ನು ನೋಡಲು ಬಂದಿದ್ದೆನಲ್ಲ, ಆವತ್ತು. ಶಿವಮೊಗ್ಗಕ್ಕೆ ಹೋಗುವಾಗ ಬರುವಾಗ ನಾನು ಗದ್ದೆ ಕಡೆಯ ಕಿಟಕಿಯಲ್ಲೇ ಕೂರುವುದು. ನಿಮ್ಮಪ್ಪ ಹದಿಮೂರು ವರ್ಷದಲ್ಲಿ ಒಂದು ದಿನ ಆ ಕಡೆ ಕೂತಿಲ್ಲ, ಹಾಗಾಗಿ ಅವರಿಗೆ ಗೊತ್ತಾಗಲಿಲ್ಲ. ಬಸ್ಸು ನಿಂತು ಜನ ಹತ್ತುವಷ್ಟು ಹೊತ್ತು ನನ್ನ ಮಗ ನನಗೆ ಕಾಣುತ್ತಿದ್ದ. ಆವತ್ತು ಬದು ಇರಲಿಲ್ಲ, ಲಾರಿ ನಿಂತಿತ್ತು. ಮಣ್ಣು ತುಂಬುತ್ತಿದ್ದರು. ನಿಲ್ಲಿಸಿ ಅಂತ ಕೂಗಬೇಕು ಅಂತ ಎದ್ದು ನಿಂತೆ. ಹಿಂದಿನ ಸೀಟಿನಲ್ಲಿ ಮಾಸ್ತಮ್ಮ ಇದ್ದಳು. "ಎಲ್ಲಿಗ್ ಏಳ್ತೀಯ ಕರಿಬಸಕ್ಕ, ಇದು ಮಲವಗೊಪ್ಪ" ಅಂದಳು. ಕೂತುಕೊಂಡೆ.

ಏನಂತ ಇಳಿಯಲಿ? ನನ್ನ ಮಗ ಅಂಡಮಾನಿನಲ್ಲಿ ಇದ್ದಾನೆ ಅಂತ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತವಳು ನಾನು. ಅವನನ್ನು ಎರಡನೇ ಸಲ ಎತ್ತಿಕೊಂಡು ಹೋಗುವುದನ್ನು ಕೂತು ನೋಡಿದೆ. ಆಮೇಲೆ ನಾನು ದ್ವೀಪ ಕೇಳಲು ಶುರು ಮಾಡಿದ್ದು.

ನಿಮ್ಮಪ್ಪ ನಿನಗೆ ಬರೆದದ್ದನ್ನು ನಾನು ಓದಿಲ್ಲ. ಆ ಬೆಳಗಿನ ವಿಷಯ ಅಂತ ನೀನು ಬರೆದಿದ್ದರಿಂದ ತಿಳಿಯಿತು. ತಡೆದವನು ನಾನು ಅಂತ ಬರೆದಿರಬೇಕು. ಅವರೊಬ್ಬರೇ ಅಲ್ಲ. ನಿನ್ನ ಚಿಕ್ಕಪ್ಪ ಅವರ ಮಾತು ಕೇಳದೆ ಹೊರಟೇ ಬಿಟ್ಟಿದ್ದ. ಬಾಗಿಲಿಗೆ ಅಡ್ಡ ನಿಂತು ಚಿಲಕ ಹಾಕಿದವಳು ನಾನು. ಕೆಲಸ ಹೋದರೆ ಈ ಎರಡು ಮಕ್ಕಳನ್ನು ಸಾಕುವುದು ಹೇಗೆ ಅಂದೆ. ಎರಡು ಮಕ್ಕಳು ಅಂದೆ, ನನಗೆ ಚೆನ್ನಾಗಿ ನೆನಪಿದೆ. ಎದುರು ಮನೆಯಲ್ಲಿ ತೊಟ್ಟಿಲ ಹಾಡು ಹೇಳುತ್ತಿದ್ದರು. ಇದನ್ನು ಅವರು ಇಷ್ಟು ವರ್ಷ ನಿನಗೂ ಹೇಳಿಲ್ಲ, ನನಗೂ ಒಂದು ದಿನ ಅಂದಿಲ್ಲ. ಎಲ್ಲಾ ತಮ್ಮ ತಲೆ ಮೇಲೆ ಹೊತ್ತುಕೊಂಡಿದ್ದಾರೆ.

ನೀನು ಬರುವುದಿಲ್ಲ ಅಂತ ಬರೆದ ಮೇಲೂ ಅವರು ಟಿಕೆಟ್ ವಾಪಸ್ಸು ಮಾಡಿಲ್ಲ. ಮಾಡಿಸಬೇಡ. ಅಲ್ಲಿ ಏನೂ ಇಲ್ಲ ಅಂತ ನನಗೆ ಗೊತ್ತು, ನೀನು ಬೆರಳು ಮಾಡಿ ತೋರಿಸುವುದು ಬೇಡ. ಬೀದಿಯವರು ಕೊಟ್ಟದ್ದನ್ನೆಲ್ಲ ನೀರಿಗೆ ಬಿಟ್ಟು ಬರೋಣ. ಹೋಗಿ ಬಂದ ಮೇಲೂ ಏನೂ ಸರಿಹೋಗುವುದಿಲ್ಲ ಮಗಳೇ, ಆ ಆಸೆ ನನಗಿಲ್ಲ. ಇದೇ ಮನೆ, ಇದೇ ತಾರಸಿ. ಅವರಿಗೆ ಈಗಲೇ ಹೇಳಬೇಡ, ಹೇಳಿದರೆ ಹೊರಡುವುದಿಲ್ಲ. ಹಡಗು ಇಳಿದ ಮೇಲೆ ನಾನೇ ಹೇಳುತ್ತೇನೆ.

ನನಗೆ ಬೇಕಾದದ್ದು ಇಷ್ಟೇ. ಇಲ್ಲಿ ಅತ್ತರೆ ಅದು ಸುಳ್ಳಿಗೆ ಅತ್ತ ಹಾಗೆ. ಮಲವಗೊಪ್ಪದಲ್ಲಿ ಅಳುವ ಹಾಗೆ ಇರಲಿಲ್ಲ, ಈಗ ಅದೂ ಇಲ್ಲ. ಆ ಊರಿನಲ್ಲಿ ಭದ್ರಾವತಿಯವರು ಒಬ್ಬರೂ ಇರುವುದಿಲ್ಲ. ನಾವು ಮೂರು ಜನ ಒಂದು ಕಡೆ ಕೂತು, ನಾವೇ ಕೊಂದೆವು ಅಂತ ಬಾಯಿಬಿಟ್ಟು ಅಳಬಹುದು. ಕನ್ನಡದಲ್ಲಿ ಅತ್ತರೆ ಅಲ್ಲಿ ಯಾರಿಗೂ ತಿಳಿಯುವುದಿಲ್ಲ ಅಲ್ಲವಾ?

ನಿನ್ನ ಅಮ್ಮ
ಕರಿಬಸಮ್ಮ